ಹುಸೇನಮ್ಮನ ಎದೆಯೊಳಗಿನ ಸದ್ದು

ಲಿಂಗಸುಗೂರು
8 ನವೆಂಬರ್ 1990

ಚಿ. ಸೌ. ಪಾರ್ವತೆಮ್ಮನಿಗೆ,

ಇತ್ತ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ನೀನಿಲ್ಲದ ಮನೆಯಲ್ಲಿ ಕ್ಷೇಮ ಎಂದರೆ ನಿನಗೆ ಸಿಟ್ಟು, ಕ್ಷೇಮವಿಲ್ಲ ಎಂದರೆ ನಿಮ್ಮವ್ವನಿಗೆ ಗಾಬರಿ. ಆದ್ದರಿಂದ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಬೇಕಾದ್ದು ತುಂಬಿಕೋ.

ನಿನ್ನ ಏಳನೇ ತಿಂಗಳ ಕುಬುಸದ ಊಟ ಉಂಡು, ನಿನ್ನನ್ನು ತವರಿನಲ್ಲಿ ಬಿಟ್ಟು ಬಂದ ಮರುದಿನದಿಂದ ಅಡುಗೆ ನನ್ನದು. ಸಾರು ಮಾಡಿದೆ. ಅದರಲ್ಲಿ ಸಾರ ಇರಲಿಲ್ಲ, ಊರಿಗೆ ಸಾರುವಂಥದ್ದೂ ಆಗಿರಲಿಲ್ಲ. ಕಾಲೇಜಿನಲ್ಲಿ ಕನ್ನಡದ ಉಪನ್ಯಾಸಕನಾದವನು ಮನೆಯಲ್ಲಿ ಉಪವಾಸಕನಾಗಿದ್ದೇನೆ.

ಈ ಪತ್ರವನ್ನು ನಿನ್ನ ತಮ್ಮ ವೆಂಕೋಬ ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ ಎಂಬುದು ಗೊತ್ತು. ವೆಂಕೋಬ, ಇಲ್ಲಿ ಸ್ವಲ್ಪ ನಿಲ್ಲಿಸಿ ನೀರು ಕುಡಿ. ಕುಡಿದೆಯಾ? ಮುಂದೆ ಓದು. ಮದುವೆಯಾಗಿ ಒಂಬತ್ತು ವರ್ಷ, ಅದರಲ್ಲಿ ಮೂರು ವರ್ಷ ರಾಯಚೂರಿನ ಬಸ್ಸು. ಗುಳಿಗೆ ನುಂಗಿ ನುಂಗಿ ಕಡೆಗೂ ನಮಗೊಂದು ಗಳಿಗೆ ಕೂಡಿಬಂತು. ನಿನ್ನಕ್ಕ ಅಷ್ಟು ಸೂಜಿ ಚುಚ್ಚಿಸಿಕೊಂಡ ಮೇಲೆ ಒಂದು ಸೋಜಿಗವಾದರೂ ಆಗಬೇಡವೇ?

ಅತ್ತೆಯವರಿಗೆ ಹೇಳು: ಹೋದ ವಾರ ರಾಯಚೂರಿನ ಡಾಕ್ಟರಮ್ಮ ಎಲ್ಲ ಸರಿಯಾಗಿದೆ ಎಂದಿದ್ದಾರೆ. ಎಲ್ಲ ಎಂದರೆ ಎಲ್ಲ.

ನಿನ್ನ
ಗೋಪಣ್ಣ


ದಢೇಸುಗೂರು
15 ನವೆಂಬರ್ 1990

ನಮ್ಮ ಮನೆಯವರಿಗೆ ಪಾರ್ವತಿಯ ನಮಸ್ಕಾರ.

ನಿಮ್ಮ ಪತ್ರವನ್ನು ವೆಂಕೋಬ ಮೂರು ಮನೆಗೆ ಕೇಳುವಂತೆ ಓದಿದ. ನೀರು ಕುಡಿ ಎಂದಲ್ಲಿ ನಿಜವಾಗಿಯೂ ಒಳಗೆ ಹೋಗಿ ಕುಡಿದು ಬಂದ. ಅವ್ವ ನಕ್ಕು ನಕ್ಕು ಕೆಮ್ಮಿದಳು. ಪತ್ರ ಕೊಟ್ಟ ಪೋಸ್ಟ್‌ಮ್ಯಾನ್ ದಾವಲ್‌ಸಾಬನೂ ಕಟ್ಟೆಯ ಮೇಲೆ ಕುಳಿತು ಪೂರಾ ಕೇಳಿಯೇ ಎದ್ದ. ನಾನು ಮಾತ್ರ ನಗಲಿಲ್ಲ.

ಈ ಪತ್ರವನ್ನು ಅಂಟಿಸಿ ಕಳಿಸುತ್ತಿದ್ದೇನೆ. ನೀವೂ ಹಾಗೆಯೇ ಅಂಟಿಸಿ, ಮೇಲೆ ನನ್ನ ಹೆಸರು ಬರೆದು ಕಳಿಸಿ. ಓದಬೇಡ ಎಂದು ವೆಂಕೋಬನಿಗೆ ಹೇಳಿದ್ದೇನೆ.

ಎಲ್ಲ ಎಂದರೆ ಎಲ್ಲ ಎಂದು ಯಾಕೆ ಎರಡು ಸಲ ಬರೆದಿರಿ? ಅವತ್ತು ಡಾಕ್ಟರಮ್ಮ ನಿಮ್ಮೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನೀವು ಹೊರಗೆ ಬಂದವರು ಬಸ್ ನಿಲ್ದಾಣದವರೆಗೂ ಒಂದರ ಮೇಲೊಂದು ಚೇಷ್ಟೆ ಮಾತು ಹೇಳಿದಿರಿ. ನಿಮ್ಮನ್ನು ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಸಂತೋಷವಾದರೆ ನೀವು ಒಂದು ಹಾಸ್ಯ ಮಾಡುತ್ತೀರಿ, ಹೆದರಿದರೆ ನಾಲ್ಕು ಮಾಡುತ್ತೀರಿ.

ಏನು ಹೇಳಿದರು?

ಪಾರ್ವತಿ


ಲಿಂಗಸುಗೂರು
22 ನವೆಂಬರ್ 1990

ಪ್ರಿಯ ಪಾರ್ವತಿ,

ಕಬ್ಬಿಣದ ಗುಳಿಗೆ ತಪ್ಪಿಸಬಾರದು ಎಂದು ಹೇಳಿದರು. ಹಾಗಾದರೆ ಇವಳ ಜೊತೆ ಜಗಳ ಆಡುವುದು ಇನ್ನು ಕಬ್ಬಿಣದ ಕಡಲೆಯೇ ಎಂದೆ. ಅವರು ನಗಲಿಲ್ಲ. ವೈದ್ಯರಿಗೆ ನಾಡಿ ಗೊತ್ತು, ನುಡಿ ಗೊತ್ತಿಲ್ಲ. ಹೆರಿಗೆಯನ್ನು ಊರಲ್ಲಿ ಬೇಡ, ಸಿಂಧನೂರಿನ ದವಾಖಾನೆಯಲ್ಲಿ ಮಾಡಿಸಿ ಎಂದರು. ನಾವು ಅಂದುಕೊಂಡಿದ್ದೂ ಅದೇ ಅಲ್ಲವೇ? ಹೆರಿಗೆಯ ಹೊರೆಗೆ ಹೆದರಬೇಡಿ ಎಂದರು. ಅಷ್ಟೇ.

ಇಲ್ಲಿ ಚಳಿ ಶುರುವಾಗಿದೆ. ಪ್ರಿನ್ಸಿಪಾಲರು ಮಫ್ಲರ್ ಸುತ್ತಿಕೊಂಡು ಬರುತ್ತಾರೆ. ಕತ್ತು ಕಾಣದ್ದರಿಂದ ಅವರು ಯಾವ ಕಡೆ ತಿರುಗಿ ಬೈಯುತ್ತಾರೆ ಎಂಬುದು ತಿಳಿಯುವುದಿಲ್ಲ.

ನಿನ್ನ
ಗೋಪಣ್ಣ


ದಢೇಸುಗೂರು
30 ನವೆಂಬರ್ 1990

ನಮ್ಮ ಮನೆಯವರಿಗೆ,

ಎಣಿಸಿದೆ. ನಾಲ್ಕಿವೆ.

ಅವತ್ತು ನೀವು ಬಾಳೆಹಣ್ಣು ತರಲು ಹೋಗಿದ್ದಾಗ ಡಾಕ್ಟರಮ್ಮ ಮೊದಲು ನನ್ನನ್ನೇ ಕರೆದಿದ್ದರು. “ನೋಡ್ರಿ ಪಾರ್ವತೆಮ್ಮ, ಹಿಂಗ ಗುಳಿಗಿ, ಇಂಜೆಕ್ಷನ್ ತಗೊಂಡು ಹುಟ್ಟಿದ ಕೂಸುಗಳೊಳಗ ಎದಿ ದೋಷ ಒಂದು ಎಳಿ ಹೆಚ್ಚು ಅಂತ ಕೆಲವರು ಅಂತಾರ. ಇನ್ನೂ ಗಟ್ಟಿ ಗೊತ್ತಾಗಿಲ್ಲ. ಭಾಳಷ್ಟು ಕೂಸು ನೆಟ್ಟಗ ಇರ್ತಾವ. ಆದ್ರೂ ಹುಟ್ಟಿದ ಮ್ಯಾಲೆ ಎದಿ ಒಮ್ಮೆ ನೀಟಾಗಿ ತೋರಸ್ರಿ” ಎಂದರು. ನಿಮಗೂ ತಾವೇ ಹೇಳುತ್ತೇನೆ ಎಂದರು. ನೀವು ಬಂದು ನನಗೆ ಹೇಳುತ್ತೀರೇನೋ ಎಂದು ಬಸ್ಸಿನಲ್ಲಿ ಕಾದೆ. ಪತ್ರದಲ್ಲಿ ಕಾದೆ. ನೀವು ಪ್ರಿನ್ಸಿಪಾಲರ ಮಫ್ಲರ್ ಬರೆದಿರಿ.

ಅವ್ವನಿಗೆ ಇದೊಂದೂ ಗೊತ್ತಿಲ್ಲ. ಬಾಣಂತನಕ್ಕೆ ನೀರು ಕಾಯಿಸಲು ಕುಳ್ಳು, ಉಂಡೆಗೆ ಕೊಬ್ಬರಿ, ಅಳವಿ ಬೀಜ ಎಂದು ಕೂಡಿಡುತ್ತಿದ್ದಾಳೆ. ಕೂಸಿಗೆ ಎದೆಯ ಪರೀಕ್ಷೆ ಎಂದು ಅವಳಿಗೆ ಹೇಗೆ ಹೇಳಲಿ?

ಒಳಗೆ ಕೂಸು ಒದ್ದಾಗಲೆಲ್ಲ ಊರವರಿಗೆ ಸಂತೋಷ. ನನಗೆ ಒಂದೇ ಯೋಚನೆ. ಕೂಸು ಬೇಕೇಬೇಕು ಎಂದು ಹಟ ಹಿಡಿದವಳು ನಾನು. ನೀವು ಎರಡು ಸಲ ಸಾಕು ಬಿಡು ಎಂದಿದ್ದಿರಿ. ನನ್ನ ಹಟದ ದಂಡವನ್ನು ಅದು ತೆರಬೇಕಾದೀತೇ?

ಪಾರ್ವತಿ


ಲಿಂಗಸುಗೂರು
4 ಡಿಸೆಂಬರ್ 1990

ಪಾರ್ವತಿ,

ನನಗೆ ಹೇಳಿದ್ದೂ ಅದೇ ಮಾತು. ನಿನಗೆ ತಿಳಿಯದಿರಲಿ ಎಂದು ನಾನು, ನನ್ನ ಬಾಯಿಂದ ಬರಲಿ ಎಂದು ನೀನು. ಒಂದೇ ಮೂಟೆಯನ್ನು ಇಬ್ಬರೂ ಬೇರೆಬೇರೆ ಊರಿನಲ್ಲಿ ಹೊತ್ತು ನಿಂತಿದ್ದೇವೆ. ಇಳಿಸೋಣ.

ಸಾಕು ಬಿಡು ಎಂದದ್ದು ನಿಜ. ನೀನು ಅದನ್ನು ಇಷ್ಟು ವರ್ಷ ತಪ್ಪಾಗಿ ಓದಿಕೊಂಡಿದ್ದೀಯ. ಕಾಂಪೌಂಡರ್ ಸೂಜಿ ಚುಚ್ಚುವಾಗ ನೀನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ, ನಾನು ನಿನ್ನ ಮುಖ ನೋಡುತ್ತಿದ್ದೆ. ಅದನ್ನು ನೋಡಲಾಗದೆ ಸಾಕು ಎಂದೆ. ಕೂಸು ಸಾಕು ಎಂದಲ್ಲ. ಹಟ ನಿನ್ನೊಬ್ಬಳದೇ ಎಂದು ಇನ್ನು ಬರೆಯಬೇಡ. ನಾನೂ ಪಾಲುದಾರ. ಈಗ ಪಾಲು ಕಿತ್ತುಕೊಳ್ಳುವುದು ನ್ಯಾಯವಲ್ಲ.

ಅತ್ತೆಯವರಿಗೆ ನಾನು ಬಂದು ಹೇಳುತ್ತೇನೆ. ಎಲ್ಲ ಕೂಸುಗಳಿಗೂ ಈಗ ಹೀಗೆ ನೋಡುತ್ತಾರೆ ಎಂದರೆ ಆಯಿತು.

ಇದರಲ್ಲಿ ಹಾಸ್ಯ ಎಷ್ಟಿದೆ, ಎಣಿಸಿ ಹೇಳು.

ಗೋಪಣ್ಣ


ಲಿಂಗಸುಗೂರು
11 ಫೆಬ್ರುವರಿ 1991

ಚಿ. ಸೌ. ಪಾರ್ವತಿಗೂ, ಚಿ. ಹುಸೇನಮ್ಮನಿಗೂ,

ತಿಂಗಳ ಕೂಸನ್ನು ಹೈದರಾಬಾದಿನಲ್ಲಿ ತೋರಿಸಿ, ನಿಮ್ಮನ್ನು ದಢೇಸುಗೂರಿಗೆ ಮುಟ್ಟಿಸಿ ಬಂದು ಮೂರು ದಿನವಾಯಿತು, ಕಿವಿಯಲ್ಲಿ ಇನ್ನೂ ರೈಲಿನ ಸದ್ದಿದೆ. ಹೈದರಾಬಾದಿನ ಡಾಕ್ಟರು ಅರ್ಧ ಇಂಗ್ಲಿಷು ಅರ್ಧ ತೆಲುಗಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದು ಕಳಿಸಿ ಎಂದಿದ್ದೆಯಲ್ಲ, ಬರೆಯುತ್ತೇನೆ.

ಸಿಂಧನೂರಿನ ಮಕ್ಕಳ ಡಾಕ್ಟರು ಕೂಸಿನ ಎದೆಯಲ್ಲಿ ಕೇಳಿದ ಸದ್ದು ನಿಜ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತು ಇದೆ, ರಕ್ತ ಅದರಲ್ಲಿ ನುಸುಳುವಾಗ ಆ ಸದ್ದು. ಇಂಥ ತೂತು ಬಹಳ ಸಲ ತಾನೇ ಮುಚ್ಚಿಕೊಳ್ಳುತ್ತದೆ. ವರ್ಷ ತುಂಬಿದ ಮೇಲೆ ಇನ್ನೊಮ್ಮೆ ನೋಡೋಣ ಎಂದರು. ಅಲ್ಲಿಯವರೆಗೆ ಮೂರು ಗಮನಿಸಬೇಕು: ತೂಕ ಏರದಿದ್ದರೆ, ಹಾಲು ಕುಡಿಯುವಾಗ ಬಹಳ ಬೆವತು ಏದುಸಿರು ಬಿಟ್ಟರೆ, ತುಟಿ ಉಗುರು ನೀಲಿಯಾದರೆ ತಡ ಮಾಡದೆ ತೋರಿಸಬೇಕು. ಹೃದಯವೈಶಾಲ್ಯ ಒಳ್ಳೆಯ ಗುಣವೇ, ನಮ್ಮ ಮಗಳು ಅದಕ್ಕೊಂದು ಕಿಟಕಿಯನ್ನೂ ಇಡಿಸಿಕೊಂಡು ಬಂದಿದ್ದಾಳೆ. ಉತ್ತರಪತ್ರಿಕೆ ತಿದ್ದುತ್ತ ನಾನು ಮಾಡಿದ್ದೆಲ್ಲ ಬರೀ ರಂಧ್ರಾನ್ವೇಷಣೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ನಿಜವಾದ ರಂಧ್ರಾನ್ವೇಷಣೆ ಮೊನ್ನೆ ನೋಡಿದೆ.

ಗುಳಿಗೆಯಿಂದ ಆಯಿತೇ ಎಂದು ಕೇಳಿದೆ. ಅವರು ಬೆಂಚಿನ ಮೇಲಿದ್ದ ಇನ್ನೊಂದು ಕೂಸನ್ನು ತೋರಿಸಿದರು. ಆ ತಾಯಿಗೆ ಇದು ಐದನೆಯದು, ಗುಳಿಗೆಯ ಮುಖವನ್ನೂ ನೋಡಿದವಳಲ್ಲ, ಅದರ ತೂತು ಇದಕ್ಕಿಂತ ದೊಡ್ಡದು. ಯಾಕೆ ಆಗುತ್ತದೆ ಎಂದು ಒಬ್ಬೊಬ್ಬರ ಲೆಕ್ಕದಲ್ಲಿ ಹೇಳಲು ಯಾರಿಗೂ ಆಗದು ಎಂದರು. ಇದನ್ನು ಎರಡು ಸಲ ಓದು. ನಿನಗಾಗಿಯೇ ಕೇಳಿದ್ದು.

ಒಳಗೆ ಒಬ್ಬರೇ ಬರಬೇಕು ಎಂದದ್ದರಿಂದ ನಾನು ಹೊರಗೆ ಅತ್ತೆಯವರ ಜೊತೆ ಉಳಿದೆನಲ್ಲ, ಆಗಿನ ಸಂಗತಿ ನಿನಗೆ ಗೊತ್ತಿಲ್ಲ. “ಒಳಗ ಏನ್ ಮಾಡಾಕತ್ಯಾರ?” ಎಂದರು. ಆ ಎದೆ ಪರೀಕ್ಷೆಯ ಹೆಸರು ಹೇಳಿದೆ, ಎಕೋ ಎಂದೆ. “ಯಾಕೋ ಅಂತ ನಾ ಕೇಳ್ಬೇಕು, ನೀವ್ಯಾಕ ಕೇಳ್ತೀರಿ?” ಎಂದರು. ಡಾಕ್ಟರು ಹೊರಗೆ ಬಂದು “ಭಯಂ ಲೇದಮ್ಮ”, ಭಯವಿಲ್ಲ, ಎಂದದ್ದು ಮಾತ್ರ ಅವರಿಗೆ ಕೂಡಲೇ ತಿಳಿಯಿತು. ಕಾಲುವೆಯ ಕ್ಯಾಂಪಿನಲ್ಲಿ ನೆಲೆಸಿದ ಆಂಧ್ರದವರ ಜೊತೆ ಭತ್ತ ನಾಟಿ ಮಾಡುತ್ತ ಕಲಿತ ತೆಲುಗು ಹೈದರಾಬಾದಿನಲ್ಲಿ ಕೆಲಸಕ್ಕೆ ಬಂತು.

ಹೆಸರಿನ ಬಗ್ಗೆ ನನ್ನ ತಕರಾರು ಇಲ್ಲ. ಅತ್ತೆ ದರ್ಗಾಕ್ಕೆ ಹರಕೆ ಹೊತ್ತು ಹುಸೇನಮ್ಮ ಎಂದ ಮೇಲೆ ಮುಗಿಯಿತು. ನಿಘಂಟು ತಿರುವಿ ನಾನು ಆರಿಸಿದ್ದ ಹೆಸರುಗಳು ನಿಘಂಟಿನಲ್ಲಿಯೇ ಸುಖವಾಗಿರಲಿ.

ಗೋಪಣ್ಣ


ದಢೇಸುಗೂರು
12 ಏಪ್ರಿಲ್ 1991

ನಮ್ಮ ಮನೆಯವರಿಗೆ,

ಕುಳಿತು ಓದಿ. ಕೂಸು ಬೆವರುತ್ತದೆಯೇ ಎಂದು ಪ್ರತಿ ಪತ್ರದಲ್ಲೂ ಕೇಳುತ್ತೀರಿ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್ ತಿಂಗಳು ಬೆವರದ ಜೀವ ಯಾವುದಿದೆ, ಅದನ್ನು ಡಾಕ್ಟರು ಹೇಳಲಿಲ್ಲ. ಆದರೆ ಮೊನ್ನೆ ಬೇರೆಯೇ ಆಯಿತು. ಮಧ್ಯಾಹ್ನ ಹಾಲು ಕುಡಿಸಲು ಒಳಮನೆಗೆ ಹೋಗಿ ಕೂಸನ್ನು ಎತ್ತಿಕೊಂಡೆ. ತುಟಿ ನೀಲಿಯಾಗಿತ್ತು. ಬೆರಳ ತುದಿ, ಉಗುರು, ಎಲ್ಲ ನೀಲಿ. ಅವ್ವನನ್ನು ಕೂಗಿದ್ದು ನೆನಪಿದೆ, ಚಪ್ಪಲಿ ಮೆಟ್ಟಿದ್ದು ನೆನಪಿಲ್ಲ. ವೆಂಕೋಬ ಮೋಟರ್ ಸೈಕಲ್ ತೆಗೆದ. ಬಿಸಿಲು ಬಡಿಯಬಾರದೆಂದು ಕೂಸನ್ನು ಇನ್ನೂ ಗಟ್ಟಿಯಾಗಿ ಸುತ್ತಿಕೊಂಡೆ. ಸಿಂಧನೂರು ಮುಟ್ಟುವಷ್ಟರಲ್ಲಿ ನೀಲಿ ಕೆನ್ನೆಗೆ ಏರಿತ್ತು.

ದವಾಖಾನೆಯಲ್ಲಿ ಕುಳಿತವರೆಲ್ಲ ಎದ್ದು ದಾರಿ ಬಿಟ್ಟರು. ಡಾಕ್ಟರು ಕೂಸಿನ ಮುಖ ನೋಡಿದರು, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ನಂತರ ಒದ್ದೆ ಹತ್ತಿ ತರಿಸಿ ತುಟಿಯನ್ನು ಒರೆಸಿದರು. ಹತ್ತಿ ನೀಲಿಯಾಯಿತು, ತುಟಿ ಕೆಂಪಗಾಯಿತು.

“ನಿಮ್ಮ ಕೈ ನೋಡ್ಕೊಳ್ರಿ ಅಮ್ಮ. ನಿಮಗೂ ಹಾರ್ಟಿನ ತ್ರಾಸ ಐತೇನು?” ಎಂದರು.

ನನ್ನ ಕೈ ಮೊಳಕೈವರೆಗೆ ನೀಲಿ. ವೆಂಕೋಬನ ಬಿಳಿ ಅಂಗಿಯ ಬೆನ್ನು ನೀಲಿ. ಕೂಸಿಗೆ ತಲೆಯಿಂದ ಹೊದಿಸಿದ್ದ ಕುಂಚಿಗೆಯ ಬಣ್ಣ ಅದು.

ಆದದ್ದು ಹೀಗೆ. ಕೂಸಿಗೆ ಹೊಸ ಅರಿವೆ ತೊಡಿಸುವುದಿಲ್ಲ, ಮಕ್ಕಳು ಉಳಿದು ಬೆಳೆದ ಮನೆಯ ಹಳೆಯ ಸೀರೆ ಬೇಡಿ ತಂದು ಹೊಲಿಯುತ್ತಾರೆ. ಮೊದಲಿನ ಕುಂಚಿಗೆ ಸಣ್ಣದಾಯಿತೆಂದು ಅವ್ವ ನಮ್ಮ ಆಚೆ ಮನೆಯ ಸಕೀನಾಬೀಯನ್ನು ಕೇಳಿದಳು. ಏಳು ಹಡೆದು ಏಳನ್ನೂ ಉಳಿಸಿಕೊಂಡ ತಾಯಿ. ಅವಳು ಹಳೆಯದೆಂದು ಕೊಟ್ಟದ್ದು ಮಸ್ಕಿ ಸಂತೆಯಲ್ಲಿ ತಂದು ಒಂದೇ ಸಲ ಉಟ್ಟ ಗಾಢ ನೀಲಿ ಸೀರೆ. ನೀರನ್ನೇ ಕಂಡಿರಲಿಲ್ಲ. ಬೆವರಿಗೆ ಬಣ್ಣ ಬಿಟ್ಟಿತು, ಅಂಚನ್ನು ಕೂಸು ಚೀಪಿತು. ಸಂಜೆ ಸಕೀನಾಬೀ ಬಂದು ನಮ್ಮ ಹೊಸ್ತಿಲಲ್ಲಿ ಕುಳಿತು ಅತ್ತಳು. “ಡಾಕ್ಟರ್ ಔಷಧ ತಗೊಂಡು ಹುಟ್ಟಿದ ಕೂಸು ಅಕ್ಕಾ, ಅದಕ್ಕ ನನ್ನ ಹರಕ ಸೀರಿ ಹೆಂಗ ಕೊಡ್ಲಿ? ನಾಚಿಗಿ ಬಂತು” ಎಂದಳು. ಅವ್ವ ಅವಳನ್ನು ಬೈಯಲು ಬಾಯಿ ತೆರೆದವಳು ಅವಳಿಗೇ ಚಹಾ ಮಾಡಿ ಕೊಟ್ಟಳು.

ಎದೆಯ ಸದ್ದು ಇನ್ನೂ ಇದೆಯಂತೆ. ತೂಕ ಚೆನ್ನಾಗಿ ಏರಿದೆ. ಹೆದರಬೇಡಿ ಎಂದಿದ್ದಾರೆ. ನಾನು ಹೆದರಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆಯಲು ಆಗುತ್ತಿಲ್ಲ.

ಪಾರ್ವತಿ


ಲಿಂಗಸುಗೂರು
17 ಏಪ್ರಿಲ್ 1991

ಪಾರ್ವತಿ,

ಕುಳಿತು ಓದಿ ಎಂದು ನೀನು ಬರೆದಿದ್ದೆ. ನಾನು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಓದಿದೆ. “ಎಲ್ಲ ನೀಲಿ” ಎಂಬಲ್ಲಿಗೆ ಬಂದೆ, ಮುಂದಿನ ಸಾಲು ಕಣ್ಣಿಗೆ ಹತ್ತಲಿಲ್ಲ. ಪತ್ರವನ್ನು ಜೇಬಿಗೆ ಹಾಕಿ ಸಿಂಧನೂರಿನ ಬಸ್ಸಿಗೆ ಓಡಿದೆ. ಕೈಯಲ್ಲಿ ಹಾಜರಿ ಪುಸ್ತಕ, ಹುಡುಗರು ತರಗತಿಯಲ್ಲೇ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಪಕ್ಕದವರು, “ಯಾಕ್ರೀ ಮಾಸ್ತರ, ಮೈಯಾಗ ಆರಾಮಿಲ್ಲೇನು?” ಎಂದರು. ಮಗಳಿಗೆ ಆರಾಮಿಲ್ಲ, ನೋಡಿ ಎಂದು ನಿನ್ನ ಪತ್ರವನ್ನು ಅವರ ಮುಂದೆ ಹಿಡಿದೆ. ಆ ಪುಣ್ಯಾತ್ಮರು ಪೂರಾ ಓದಿದರು. ಓದುತ್ತ ಓದುತ್ತ ನಗತೊಡಗಿದರು. ನನ್ನ ಮಗಳ ತುಟಿ ನೀಲಿಯಾದರೆ ಇವರಿಗೆ ನಗೆಯೇ ಎಂದು ಜಗಳಕ್ಕೇ ಹೋಗಿದ್ದೆ. ಅವರು ಬೆರಳಿಟ್ಟು ತೋರಿಸಿದರು: “ಇಲ್ಲಿ ಓದ್ರಿ. ಹತ್ತಿ ನೀಲಿ ಆತಂತ.”

ಮಸ್ಕಿಯಲ್ಲೇ ಇಳಿದೆ. ಹಣೆ ಒರೆಸಿಕೊಳ್ಳಲು ಕರವಸ್ತ್ರ ತೆಗೆದೆ, ಆದರೆ ಒರೆಸಿಕೊಂಡದ್ದು ಕಣ್ಣು. ವಾರದ ಹಿಂದೆ ಮುಗಿದ ಅಪಾಯಕ್ಕೆ ನಾನು ಈಗ ಓಡಿ ಬರುತ್ತಿದ್ದೆ. ಆ ಮುಖ ಹೊತ್ತು ದಢೇಸುಗೂರಿಗೆ ಬಂದಿದ್ದರೆ ನಿಮ್ಮವ್ವ ನನಗೇ ಡಾಕ್ಟರನ್ನು ಕರೆಸುತ್ತಿದ್ದರು. ತಿರುಗಿ ಲಿಂಗಸುಗೂರಿನ ಬಸ್ಸು ಹತ್ತಿದೆ. ತರಗತಿಯಲ್ಲಿ ಹುಡುಗರು ಇನ್ನೂ ಕುಳಿತಿದ್ದರು ಎಂದರೆ ನಂಬಬೇಡ. ಪ್ರಿನ್ಸಿಪಾಲರು ಕುಳಿತಿದ್ದರು.

ಸಕೀನಾಬೀಗೆ ಒಂದು ಒಳ್ಳೆಯ ಸೀರೆ ಕೊಡಿಸಬೇಕು. ಬಿಳಿಯದು.

ಮುಂದೆ ಇಂಥದ್ದಾದರೆ ಮೊದಲ ಸಾಲಿನಲ್ಲೇ ‘ಕೂಸು ಚೆನ್ನಾಗಿದೆ’ ಎಂದು ಬರೆ, ಕಥೆ ಆಮೇಲೆ ಹೇಳು. ಕಥೆಯ ಸ್ವಾರಸ್ಯ ಹಾಳಾದರೂ ಓದುಗ ಬದುಕುತ್ತಾನೆ.

ಗೋಪಣ್ಣ


ಲಿಂಗಸುಗೂರು
28 ಮಾರ್ಚ್ 1992

ಚಿ. ಸೌ. ಪಾರ್ವತಿಗೆ,

ನೀವಿಬ್ಬರೂ ವೆಂಕೋಬನ ಮದುವೆಯ ಮಾತುಕತೆಗೆಂದು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಹುಸೇನಮ್ಮ ಹಿಡಿದು ನಿಲ್ಲುತ್ತಿದ್ದ ಕುರ್ಚಿಯ ಕಾಲನ್ನು ನಾನೇ ಹಿಡಿದು ನಿಂತಿದ್ದೇನೆ.

ಮುಂದಿನ ವಾರ ಕೂಸಿನ ಎದೆ ತೋರಿಸಲು ಹೈದರಾಬಾದಿಗೆ ನಾನು ಬರುವುದು ಕಷ್ಟ. ಇಲ್ಲಿ ಪರೀಕ್ಷೆ ನಡೆಯುತ್ತಿದೆ. ಮೇಲ್ವಿಚಾರಕ ಮೇಲೆ ಇರಬೇಕು, ವಿಚಾರ ಕೆಳಗಿರಬೇಕು. ಬಿಡುವಿಲ್ಲ. ವೆಂಕೋಬನನ್ನು ಕರೆದುಕೊಂಡು ಹೋಗು. ನೋಡಿದ ಕೂಡಲೇ ಬರೆ. ಮೊದಲ ಸಾಲಿನ ಕರಾರು ಮರೆಯಬೇಡ.

ಗೋಪಣ್ಣ


ದಢೇಸುಗೂರು
5 ಏಪ್ರಿಲ್ 1992

ನಮ್ಮ ಮನೆಯವರಿಗೆ,

ಕೂಸು ಚೆನ್ನಾಗಿದೆ. ತೂತು ಮುಚ್ಚಿದೆ. ಈಗ ಕಥೆ.

ನಿಮ್ಮ ಕಾಲೇಜಿನ ಪರೀಕ್ಷೆ ನೀವು ಪತ್ರ ಬರೆಯುವ ಮೊದಲೇ ಮುಗಿದಿತ್ತೆಂದು ವೆಂಕೋಬನ ಗೆಳೆಯ ಹೇಳಿದ. ಅವನ ತಮ್ಮನೂ ನಿಮ್ಮಲ್ಲಿಯೇ ಬರೆದದ್ದು. ಹೋದ ವರ್ಷ ಹೈದರಾಬಾದಿನಲ್ಲಿ ಒಳಗೆ ಒಬ್ಬರೇ ಬರಬೇಕು ಎಂದು ಯಾರೂ ಹೇಳಿರಲಿಲ್ಲ. ಬಾಗಿಲವರೆಗೆ ಬಂದು ನಿಮ್ಮ ಕಾಲು ನಿಂತದ್ದನ್ನು ನೋಡಿದ್ದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಸೂಜಿ ಚುಚ್ಚುವಾಗ ನನ್ನ ಮುಖ ನೋಡಿದ್ದು ಸಾಕು, ಇದು ನನ್ನ ಪಾಳಿ ಎಂದುಕೊಂಡೆ.

ಕತ್ತಲೆ ಕೋಣೆಯಲ್ಲಿ ಅದೇ ಡಾಕ್ಟರು ಯಂತ್ರದ ಗುಂಡು ಹಿಡಿದು ಎದೆಯ ಮೇಲೆ ಆ ಕಡೆ ಈ ಕಡೆ ಆಡಿಸಿದರು. ಹುಡುಕುತ್ತಲೇ ಇದ್ದರು. ನಾನು ತೆರೆಯನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಹುಡುಕಿದ್ದು ಸಿಗದಿದ್ದಕ್ಕೆ ಅಷ್ಟು ಹೊತ್ತಾಯಿತು ಎಂದು ಆಮೇಲೆ ತಿಳಿಯಿತು. ತೂತು ಇದ್ದ ಜಾಗವನ್ನು ತೆರೆಯ ಮೇಲೆ ತೋರಿಸಿದರು. ಉಳಿದ ಗೋಡೆಯಂತೆಯೇ ಇತ್ತು. ನಳಿಗೆಯನ್ನು ನನ್ನ ಕಿವಿಗೂ ಹಾಕಿದರು. ಲಬ್ ಡಬ್ ಬಿಟ್ಟು ಬೇರೆ ಸದ್ದಿಲ್ಲ.

ಮುಂದೆ ಯಾವಾಗ ಕರೆತರಲಿ ಎಂದೆ. ತರುವುದು ಬೇಡ ಎಂದರು. ನಾನು ಎದ್ದೇಳಲಿಲ್ಲ. ಹೊರಗಿನಿಂದ ಮುಂದಿನವರನ್ನು ಕರೆದರು, ಆಗಲೂ ನನಗೆ ಏಳಲು ತಿಳಿಯಲಿಲ್ಲ. ವೆಂಕೋಬ ಬಂದು, “ನಡಿ ಅಕ್ಕಾ, ಅವರು ಆತು ಅಂದಾರ” ಎಂದು ಎಬ್ಬಿಸಿದ.

ಒಂದು ಮಾತನ್ನು ನಿಮಗೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಇವಳನ್ನು ನಾನು ಅಳಲು ಬಿಟ್ಟಿಲ್ಲ. ಬಾಯಿ ಸೊಟ್ಟ ಮಾಡಿದರೆ ಎತ್ತಿಕೊಂಡೆ, ಉಸಿರು ಎಳೆದರೆ ಹಾಲು ಕೊಟ್ಟೆ. ಅತ್ತರೆ ಎದೆಗೆ ಭಾರ ಬೀಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡದ್ದು. ಕೂಸು ಬಹಳ ಸಂಭಾವಿತೆ, ಅಳುವುದೇ ಇಲ್ಲ ಎಂದು ನೀವು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದಿರಿ.

ಇವತ್ತು ನನ್ನ ಪೆನ್ನು ಬೇಕೆಂದು ಕೈ ಚಾಚಿದಳು, ಕೊಡಲಿಲ್ಲ. ನೆಲದ ಮೇಲೆ ಕುಳಿತು, ಕಾಲು ಬಡಿದು, ಓಣಿಯ ತುದಿಗೆ ಕೇಳುವಂತೆ ಅಳುತ್ತಿದ್ದಾಳೆ. ಸಕೀನಾಬೀ ಏನಾಯಿತೋ ಎಂದು ಓಡಿ ಬಂದಳು, ಅವ್ವ ಎತ್ತಿಕೊಳ್ಳಲು ಬಗ್ಗಿದಳು. ಅಳಲಿ ಬಿಡಿರಿ, ಪತ್ರ ಮುಗಿಸುತ್ತೇನೆ ಎಂದೆ. ಇಬ್ಬರೂ ನನ್ನ ಮುಖ ನೋಡಿ ಗೋಡೆಗೆ ಒರಗಿ ಕುಳಿತರು. ಇನ್ನೂ ಅಳುತ್ತಿದ್ದಾಳೆ. ಮುಖ ಕೆಂಪಗೆ ದಾಸವಾಳದಂತಾಗಿದೆ. ಎಷ್ಟು ದೊಡ್ಡ ದನಿ ಅಂತೀರಿ ಇವಳದು.

ಪಾರ್ವತಿ